ಸಪ್ಪನೆಯ ಬುತ್ತಿ

ಶಹಾಪುರದ ಬಸ್ ಸ್ಟ್ಯಾಂಡಿನಿಂದ ನಡೆದೇ ಹೋಗಬಹುದಾದ ದೂರದಲ್ಲಿ ಒಂದು ಟ್ರಸ್ಟಿನವರ ಸಣ್ಣ ಆಸ್ಪತ್ರೆ ಇದೆ. ಅದರ ಬಾಗಿಲಲ್ಲಿ ಚೀಟಿ ನೋಡಿ ಮಂದಿಯನ್ನು ಒಳಗೆ ಬಿಡುವ ನಬಿಸಾಬ ಯಾರನ್ನೂ “ಏನಾಗ್ಯಾದ?” ಎಂದು ಕೇಳುವವನಲ್ಲ. “ಏನ್ ಉಂಡು ಬಂದೀರಿ?” ಎಂದು ಕೇಳುತ್ತಾನೆ. ಚಳಿಜ್ವರದಿಂದ ಹಲ್ಲು ಕಟಕಟ ಎನ್ನುತ್ತಿರುವವರಿಗೂ ಇದೇ ಪ್ರಶ್ನೆ, ಹೆರಿಗೆ ನೋವು ತಿನ್ನುತ್ತಾ ಬಂದವಳಿಗೂ ಇದೇ ಪ್ರಶ್ನೆ. ನರ್ಸುಗಳು ಬೈದು ಬೈದು ಸಾಕಾಗಿ ಬಿಟ್ಟಿದ್ದಾರೆ.

ಐವತ್ತೇಳು ವರ್ಷದ ಬಾಳಿನಲ್ಲಿ ಇಪ್ಪತ್ತೆರಡು ವರ್ಷ ಅವನು ಮದುವೆ ಮನೆಗಳಲ್ಲಿ ಒಲೆಯ ಮುಂದೆ ನಿಂತವನು. ಕೆಂಭಾವಿಯಿಂದ ಹಿಡಿದು ಗುರುಮಠಕಲ್ಲಿನವರೆಗೆ ಅವನ ಕೈಯ ಅನ್ನ ಉಣ್ಣದ ಬೀಗರಿಲ್ಲ ಎಂದು ಅವನೇ ಹೇಳಿಕೊಳ್ಳುತ್ತಾನೆ, ಅದರಲ್ಲಿ ಅರ್ಧ ನಿಜವಿರಬಹುದು. ಐದುನೂರು ಮಂದಿಯ ಬೇಳೆಗೆ ಉಪ್ಪನ್ನು ಮುಷ್ಟಿಯಲ್ಲೇ ಅಂದಾಜು ಮಾಡಿ ಹಾಕುತ್ತಿದ್ದ, ರುಚಿ ನೋಡುತ್ತಿರಲಿಲ್ಲ, ತಪ್ಪುತ್ತಲೂ ಇರಲಿಲ್ಲ. ಮೊಣಕಾಲು ಕೈಕೊಟ್ಟ ಮೇಲೆ, ಅವನ ಬಿರ್ಯಾನಿ ಉಂಡು ಮರೆಯದ ಟ್ರಸ್ಟಿನ ಹಿರಿಯರೊಬ್ಬರು ಕರೆದು ಈ ಕೆಲಸ ಕೊಟ್ಟರು. ಒಲೆ ಬಿಟ್ಟು ಏಳು ವರ್ಷವಾದರೂ ನಾಲಿಗೆ ಮಾತ್ರ ಇನ್ನೂ ಅಡುಗೆಯವನದ್ದೇ.

ನಾಲಿಗೆಗಿಂತ ಚುರುಕಾದದ್ದು ಅವನ ಕುತೂಹಲ. ಆಸ್ಪತ್ರೆಗೆ ಬರುವವರ ಮೈಮೇಲೆ ಏನೇನು ಕಟ್ಟಿರುತ್ತದೆ ಎಂಬುದನ್ನು ಅವನಷ್ಟು ಆಸಕ್ತಿಯಿಂದ ನೋಡಿದವರು ಈ ಜಿಲ್ಲೆಯಲ್ಲಿ ಇನ್ನೊಬ್ಬರಿರಲಾರರು. ರಟ್ಟೆಗೆ ತಾಯಿತ, ಮುಂಗೈಗೆ ಕರಿದಾರ, ಸೆರಗಿನ ಗಂಟಿನಲ್ಲಿ ವಿಭೂತಿ. ಬಿ.ಪಿ. ನೋಡುವ ಪಟ್ಟಿ ಕಟ್ಟಬೇಕೆಂದರೆ ತಾಯಿತ ಅಡ್ಡ ಬರುತ್ತದೆ. ನರ್ಸು ಬಿಚ್ಚು ಅನ್ನುತ್ತಾಳೆ, ರೋಗಿ ಜೀವ ಹೋದರೂ ಬಿಚ್ಚಲ್ಲ ಅನ್ನುತ್ತಾನೆ. ಆಗ ನಬಿಸಾಬ ಬಂದು ತಾಯಿತವನ್ನು ಮೆಲ್ಲಗೆ ಭುಜದವರೆಗೆ ಸರಿಸಿ, ಕೆಳಗೆ ಪಟ್ಟಿ ಸುತ್ತಿಸುತ್ತಾನೆ. ದೇವರಿಗೂ ಮಷೀನಿಗೂ ಜಗಳ ಹಚ್ಚಬಾರದು ಎಂಬುದು ಅವನ ಕೆಲಸದ ನೀತಿ. ಪಟ್ಟಿ ಊದುತ್ತಿರುವಾಗಲೇ ವಿಚಾರಣೆ ಶುರುವಾಗುತ್ತದೆ: “ಇದು ಎಲ್ಲೀದು? ಯಾರು ಕಟ್ಟಿದ್ರು? ಕಟ್ಟಿದ ಮ್ಯಾಲ ನಿದ್ದಿ ಬಂತೇನು?”

ಬಂತು ಎನ್ನುವವರೇ ಹೆಚ್ಚು. ಹಾಗಾದರೆ ಆ ನಿದ್ದೆ ದಾರದ್ದೋ, ಗುಳಿಗೆಯದ್ದೋ, ಯಾರಾದರೊಬ್ಬರು ಕೈ ಹಿಡಿದು ಕೂತು ಮಾತಾಡಿಸಿದ್ದರದ್ದೋ? ಈ ಪ್ರಶ್ನೆ ಅವನ ತಲೆಯಲ್ಲಿ ವರ್ಷಗಳಿಂದ ಕುದಿಯುತ್ತಿದೆ. ಹೆಂಡತಿ ಚಾಂದಬೀಯನ್ನು ಕೇಳಿದರೆ ಉತ್ತರ ಸಿದ್ಧ. ಆಕೆ ತನ್ನ ಬಿ.ಪಿ. ಗುಳಿಗೆಗಳನ್ನೂ ದರ್ಗಾದಿಂದ ತಂದ ತಾಯಿತವನ್ನೂ ಒಂದೇ ಹಸಿರು ಚೀಲದಲ್ಲಿ ಹಾಕಿ ಬಾಗಿಲ ಹಿಂದಿನ ಮೊಳೆಗೆ ತೂಗುಬಿಟ್ಟಿದ್ದಾಳೆ. “ಎರಡೂ ಇರ್ಲಿ ಬಿಡ್ರಿ. ಯಾವುದು ಕೆಲಸ ಮಾಡತದ ಅಂತ ಪರೀಕ್ಷಾ ಮಾಡಿ ನೋಡಾಕ ನನಗಿರೋದು ಒಂದೇ ಜೀವ,” ಅನ್ನುತ್ತಾಳೆ.

ಪ್ರತಿ ಮಂಗಳವಾರ ಕಲಬುರಗಿಯಿಂದ ಡಾಕ್ಟರ್ ಸುನಿತಾ ಬರುತ್ತಾರೆ. ಅವರು ಮನಸ್ಸಿನ ಕಾಯಿಲೆಯ ಡಾಕ್ಟರು. ಹಾಗೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅವರ ರೋಗಿಗಳಿಗೆ ಆಸ್ಪತ್ರೆಯಲ್ಲಿ ‘ಮಂಗಳವಾರದ ಮಂದಿ’ ಎಂದು ಹೆಸರು. ಆ ಮಂದಿಯಲ್ಲಿ ನಬಿಸಾಬನಿಗೆ ಬಲು ಬೇಕಾದವರೆಂದರೆ ಕೆಂಭಾವಿಯ ಅತ್ತೆ ಸೊಸೆ, ಗುರುಲಿಂಗಮ್ಮ ಮತ್ತು ಉಮಾಶ್ರೀ.

ಉಮಾಶ್ರೀಗೆ ಇಪ್ಪತ್ತೊಂಬತ್ತು. ಕೆಂಭಾವಿಯ ಸಂತೆ ಬಯಲಿನ ಹತ್ತಿರ ಮನೆಯಲ್ಲೇ ಕೂತು ರವಿಕೆ ಹೊಲಿಯುತ್ತಾಳೆ. ಗಂಡ ರೇವಣಸಿದ್ದ ಸುಟ್ಟುಹೋದ ಪಂಪ್‌ಸೆಟ್ಟಿನ ಮೋಟರುಗಳಿಗೆ ತಂತಿ ಸುತ್ತುವವನು. ಮೂರು ವರ್ಷದ ಹಿಂದೆ ಇದ್ದಕ್ಕಿದ್ದಂತೆ ಉಮಾಶ್ರೀಗೆ ಹನ್ನೊಂದು ದಿನ ನಿದ್ದೆ ಹತ್ತಲಿಲ್ಲ. ಗಿರಾಕಿಗಳು ಕೊಟ್ಟ ಬಟ್ಟೆಗಳನ್ನೆಲ್ಲ ಬೀದಿಯಲ್ಲಿ ಹೋಗುವವರಿಗೆ ನಗುನಗುತ್ತಾ ಹಂಚಿಬಿಟ್ಟಳು. ಎರಡನೇ ಸಲ ಹಾಗಾದಾಗ ಮನೆಬಿಟ್ಟು ಹೋದವಳು ಕಾಲುವೆಯ ದಂಡೆಯಲ್ಲಿ, ಕಾಲು ನೀರಿನಲ್ಲಿ ಇಳಿಬಿಟ್ಟು ಕೂತಿದ್ದಾಗ ಸಿಕ್ಕಳು. ಇನ್ನೊಂದು ಗಳಿಗೆ ತಡವಾಗಿದ್ದರೆ ಏನಾಗುತ್ತಿತ್ತು ಎಂದು ಮನೆಯವರು ಇವತ್ತಿಗೂ ಬಾಯಿಬಿಟ್ಟು ಆಡುವುದಿಲ್ಲ.

ಗುರುಲಿಂಗಮ್ಮ ಸೊಸೆಯನ್ನು ಮಠಕ್ಕೆ ಕರೆದೊಯ್ದಳು, ದರ್ಗಾಕ್ಕೆ ಕರೆದೊಯ್ದಳು, ಕೊನೆಗೆ ಈ ಆಸ್ಪತ್ರೆಗೂ ಅವಳೇ ಕರೆತಂದಳು. ಎರಡು ನಮೂನೆಯ ಗುಳಿಗೆ ಹಿಡಿಯಲಿಲ್ಲ. ಮೂರನೆಯದು, ಲಿಥಿಯಂ ಎನ್ನುವುದು, ಹಿಡಿಯಿತು. ಎರಡು ವರ್ಷ ಉಮಾಶ್ರೀ ಎಲ್ಲರಂತೆ ಉಂಡಳು, ಮಲಗಿದಳು, ಹೊಲಿದಳು. ಈ ವರ್ಷ ಶಿವರಾತ್ರಿಗೆ ಸ್ವಲ್ಪ ಮೊದಲು ಗುರುಲಿಂಗಮ್ಮ ಡಾಕ್ಟರನ್ನು ಕೇಳಿದಳು: “ಇನ್ನ ಎಷ್ಟ್ ದಿನ್ರಿ ಬಾಯಾರ ಈ ಗುಳಗಿ?”

“ಬಿಡಾಕ ಬರಂಗಿಲ್ರಿ ಅವ್ವಾರ. ಶುಗರಿನವ್ರು ತಗೊಂಡಂಗ ತಗೋತಾ ಇರಬೇಕು. ಕೂಸು ಬೇಕಂದ್ರ ಮೊದಲ ನನಗ ಹೇಳ್ರಿ, ಅದಕ್ಕ ಬ್ಯಾರೆ ದಾರಿ ನೋಡೂಣು.”

ಗುರುಲಿಂಗಮ್ಮ ಚೀಟಿ ಮಡಚಿ ಸೆರಗಿಗೆ ಗಂಟು ಹಾಕಿಕೊಂಡಳು. ಹೊರಗೆ ಬಂದು ಬಾಗಿಲ ಪಕ್ಕದ ಬೆಂಚಿನ ಮೇಲೆ ಬಹಳ ಹೊತ್ತು ಕೂತಳು. ನಬಿಸಾಬ ನೀರು ಕೊಟ್ಟರೆ ಕುಡಿಯಲಿಲ್ಲ.

ಅದಾಗಿ ಎರಡು ತಿಂಗಳಿಗೆ, ಯಾದಗಿರಿ ಜಿಲ್ಲೆಯ ಬಿಸಿಲು ಮಂದಿಯನ್ನು ರೊಟ್ಟಿಯಂತೆ ಸುಡುವ ಹೊತ್ತಿಗೆ, ಅವರು ಮತ್ತೆ ಬಂದರು. ಉಮಾಶ್ರೀಯ ಕೈಗಳು ನಡುಗುತ್ತಿದ್ದವು. ಸೂಜಿಗೆ ದಾರ ಪೋಣಿಸಲು ಬರುತ್ತಿಲ್ಲವೆಂದಳು. ಡಾಕ್ಟರು ವಾಂತಿ, ಭೇದಿ, ಜ್ವರ, ನೋವಿನ ಗುಳಿಗೆ ಎಂದೆಲ್ಲ ಕೇಳಿದರು, ಎಲ್ಲದಕ್ಕೂ ಇಲ್ಲ ಎಂಬ ಉತ್ತರ. ರಕ್ತ ತೆಗೆಸಿ ಕಲಬುರಗಿಗೆ ಕಳಿಸಿದರು. ಗುಳಿಗೆ ಅರ್ಧ ಮಾಡಿದರು.

ಮಧ್ಯಾಹ್ನ ಬೇವಿನ ಮರದ ಕೆಳಗೆ ಅತ್ತೆ ಸೊಸೆ ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿ, ಪುಂಡಿಪಲ್ಯ. ಎದುರಿಗೆ ಇರುವವರನ್ನು ಕರೆಯದೆ ಉಣ್ಣುವ ಪದ್ಧತಿ ನಮ್ಮ ಕಡೆ ಇಲ್ಲ. ಹಾಗೆ ಕರೆದರೆ “ನಮ್ಮದಾಗ್ಯಾದ, ನೀವು ಉಣ್ರಿ” ಎಂದು ಕರೆಸಿಕೊಂಡವರು ಹೇಳುವುದೂ ಪದ್ಧತಿಯೇ. ಆದರೆ ಪುಂಡಿಪಲ್ಯ ಕಂಡರೆ ನಬಿಸಾಬನಿಗೆ ಪದ್ಧತಿ ಗಿದ್ಧತಿ ನೆನಪಿರುವುದಿಲ್ಲ. ಕೂತೇ ಬಿಟ್ಟ. ಉಮಾಶ್ರೀ ನಡುಗುವ ಕೈಯಿಂದ ಅರ್ಧ ರೊಟ್ಟಿಯ ಮೇಲೆ ಪಲ್ಯ ಹಾಕಿ ಕೊಟ್ಟಳು.

ಒಂದು ತುತ್ತು ಬಾಯಿಗಿಟ್ಟವನ ಕಣ್ಣು ಮುಚ್ಚಿಹೋಯಿತು. ಹುಳಿ ಇದೆ, ಖಾರ ಇದೆ, ಬೆಳ್ಳುಳ್ಳಿ ಇದೆ. ಉಪ್ಪಿಲ್ಲ. ಕಡಿಮೆಯಲ್ಲ, ಪೂರಾ ಇಲ್ಲ.

“ಅವಸರದಾಗ ಮಾಡೀನ್ರಿ,” ಎಂದಳು ಗುರುಲಿಂಗಮ್ಮ, ಅವನ ಮುಖ ನೋಡದೆ. “ಅಲ್ಲಿ ಚೀಟಿಯೊಳಗ ಉಪ್ಪು ಅದ, ಹಾಕ್ಕೋರಿ.”

ಬುತ್ತಿಯ ಬಟ್ಟೆಯ ಮೂಲೆಯಲ್ಲಿ ಕಾಗದದ ಸಣ್ಣ ಪೊಟ್ಟಣವಿತ್ತು. ಕೆಂಪು ದಾರದಿಂದ ಸುತ್ತಿ ಎರಡು ಗಂಟು ಹಾಕಿತ್ತು. ಒಬ್ಬ ಹೆಂಗಸಿನ ಅಡುಗೆಯ ಮೇಲೆ ಅವಳೆದುರಿಗೇ ಉಪ್ಪು ಉದುರಿಸಿಕೊಳ್ಳುವುದು ಅಡುಗೆಯವನಾದವನು ಮಾಡುವ ಕೆಲಸವಲ್ಲ. ನಬಿಸಾಬ ಹಾಗೇ ನುಂಗಿ “ಭೇಷಿ ಅದ್ರಿ” ಎಂದ. ಪೊಟ್ಟಣವನ್ನು ಮಾತ್ರ ಕಣ್ಣಲ್ಲಿಟ್ಟುಕೊಂಡ. ಅತ್ತೆಯೂ ಬಿಚ್ಚಲಿಲ್ಲ, ಸೊಸೆಯೂ ಬಿಚ್ಚಲಿಲ್ಲ.

ಮುಂದಿನ ಮಂಗಳವಾರ ರೇವಣಸಿದ್ದನಿಗೆ ಕೆಲಸವಿದ್ದುದರಿಂದ ಹೆಂಗಸರಿಬ್ಬರೇ ಬಂದರು. ಉಮಾಶ್ರೀಯ ಸ್ಥಿತಿ ಇನ್ನೂ ಕೆಟ್ಟಿತ್ತು. ಗೋಡೆ ಹಿಡಿದು ನಡೆಯುತ್ತಿದ್ದಳು, ನಾಲಿಗೆ ತೊದಲುತ್ತಿತ್ತು, ಬೆಳಿಗ್ಗೆ ವಾಂತಿಯೂ ಆಗಿತ್ತು. ಕಲಬುರಗಿಯ ರಿಪೋರ್ಟಿನಲ್ಲಿ ಗುಳಿಗೆಯ ಅಂಶ ಇರಬೇಕಾದ್ದಕ್ಕಿಂತ ಬಹಳ ಮೇಲಿತ್ತು. ಡಾಕ್ಟರು ತಲೆ ಕೆರೆದುಕೊಂಡರು. ಎಣಿಸಿ ಕೊಟ್ಟ ಗುಳಿಗೆ, ಎಣಿಕೆ ತಪ್ಪಿಲ್ಲ.

“ಬಿ.ಪಿ. ಅದಂತ ಉಪ್ಪು ಗಿಪ್ಪು ಕಡಿಮಿ ಮಾಡೀರೇನ್ರಿ?”

“ಇಲ್ರಿ. ನಮ್ಮ ಮನ್ಯಾಗ ಯಾರಿಗೂ ಬಿ.ಪಿ. ಇಲ್ರಿ,” ಎಂದಳು ಗುರುಲಿಂಗಮ್ಮ. ಬಿ.ಪಿ.ಯ ಮಾತೇನೋ ಸುಳ್ಳಲ್ಲ.

“ಹಂಗಾದ್ರ ಈ ಗುಳಗಿ ಈಕಿ ಮೈಗಿ ಒಗ್ಗವಲ್ದು ಅಂತ ಕಾಣತದ. ಇವತ್ತಿನಿಂದ ಬಂದ್ ಮಾಡ್ರಿ. ನಾಳಿ ಮತ್ತ ರಕ್ತ ನೋಡಬೇಕು, ಇಲ್ಲೇ ಉಳಕೊಂಡ್ರ ಚಲೋ.” ಡಾಕ್ಟರ ಮುಖ ಸಣ್ಣಗಾಗಿತ್ತು. ಈ ಗುಳಿಗೆ ಹೋದರೆ ಹಳೆಯ ಕಾಯಿಲೆಯನ್ನು ತಡೆಹಿಡಿಯಲು ಕೈಯಲ್ಲಿ ಇನ್ನೇನೂ ಉಳಿದಿಲ್ಲ ಎಂಬುದು ಅವರಿಗೂ ಗೊತ್ತು, ಬಾಗಿಲಲ್ಲಿ ನಿಂತ ನಬಿಸಾಬನಿಗೂ ಗೊತ್ತು.

ಆದರೆ ಗುರುಲಿಂಗಮ್ಮನ ಮುಖ ಅರಳಿತು. ಅದನ್ನು ಕಂಡು ನಬಿಸಾಬ ದಂಗಾದ. ಸೊಸೆ ಗೋಡೆ ಹಿಡಿದು ನಿಂತಿದ್ದಾಳೆ, ಡಾಕ್ಟರು ಕೈಚೆಲ್ಲಿದ್ದಾರೆ, ಈಕೆ ಹೊರಗೆ ಬಂದು ಸೂರ್ಯನಿಗೆ ಕೈ ಮುಗಿಯುತ್ತಾಳೆ. “ನಾಳಿ ಬಂದು ರಕ್ತ ಕೊಡ್ತೀವ್ರಿ, ಇವತ್ತ ಊರಾಗ ಒಂದು ಕಾಯಿ ಒಡಸೋದದ,” ಎಂದು ಉಳಿಯಲು ಒಪ್ಪಲೇ ಇಲ್ಲ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದರು. ಈ ಸಲ ರೊಟ್ಟಿಗೆ ಶೇಂಗಾದ ಚಟ್ನಿಪುಡಿ, ಹಿಂಡಿ. ನಬಿಸಾಬ ತಾನಾಗಿಯೇ ಹೋಗಿ ಕೂತು, ಬೆರಳ ತುದಿಗೆ ಹಚ್ಚಿಕೊಂಡು ನಾಲಿಗೆಗಿಟ್ಟ. ಉಪ್ಪಿಲ್ಲ. ಪಲ್ಯಕ್ಕೆ ಉಪ್ಪು ಮರೆಯಬಹುದು. ಹಿಂಡಿ ಕುಟ್ಟುವಾಗ ಉಪ್ಪು ಮರೆಯುವ ಹೆಂಗಸು ಈ ಮೂರು ತಾಲ್ಲೂಕಿನಲ್ಲಿಲ್ಲ. ಬಟ್ಟೆಯ ಮೂಲೆಯಲ್ಲಿ ಅದೇ ಪೊಟ್ಟಣ, ಅದೇ ಕೆಂಪು ದಾರ, ಅವೇ ಎರಡು ಗಂಟು. ಒಂದು ವಾರದಿಂದ ಯಾರೂ ಅದನ್ನು ಮುಟ್ಟಿರಲಿಲ್ಲ.

ಅವನಿಗೆ ತನ್ನ ತಾಯಿಯ ನೆನಪಾಯಿತು. ಅವನಿಗೆ ವಿಷಮಜ್ವರ ಬಂದಾಗ ಆಕೆ ಮನ್ನತ್ ಮಾಡಿಕೊಂಡು ವರ್ಷವಿಡೀ ಸಕ್ಕರೆ ಬಿಟ್ಟಿದ್ದಳು, ಯಾರಿಗೂ ಹೇಳಿರಲಿಲ್ಲ. ಹೇಳಿಬಿಟ್ಟರೆ ಮನ್ನತ್ ಕೆಡುತ್ತದೆ. ಹರಕೆಯೂ ಹಾಗೇ. ಅಂದರೆ ಇದು ಮರೆವಲ್ಲ, ಹರಕೆ. ಅಲ್ಲಿಯವರೆಗೆ ಅವನಿಗೆ ತಿಳಿಯಿತು. ಆದರೆ ಅದರಿಂದ ಏನು? ಉಪ್ಪಿಗೂ ನಡುಗುವ ಕೈಗೂ ಏನಾದರೂ ಸಂಬಂಧವಿದೆಯೇ? ಅವರು ಬಸ್ ಸ್ಟ್ಯಾಂಡಿನ ಕಡೆ ಹೊರಟ ಮೇಲೆ ಅವನು ಒಳಗೆ ಹೋಗಿ, ಕಸದ ಡಬ್ಬಿ ಎತ್ತಿದಂತೆ ಮಾಡುತ್ತಾ ಕೇಳಿದ:

“ಮೇಡಂ, ಉಪ್ಪು ಪೂರಾ ಬಿಟ್ರ ಕೈ ನಡಗತಾವೇನ್ರಿ?”

ಬರೆಯುತ್ತಿದ್ದ ಡಾಕ್ಟರ ಪೆನ್ನು ನಿಂತಿತು. “ಯಾರು ಬಿಟ್ಟಾರ?”

“ಅದು ನಾ ಹೇಳೋ ಮಾತಲ್ರಿ. ಸುಮ್ನ ಕೇಳ್ದೆ.”

“ನಬಿಸಾಬ್ರ, ಇದು ಸುಮ್ನ ಕೇಳೋ ಮಾತಲ್ಲ. ಆ ಗುಳಗೀನೂ ಒಂದು ನಮೂನಿ ಉಪ್ಪ. ಊಟದ ಉಪ್ಪು ನಿಂತ್ರ ಮೈ ಗಾಬರಿ ಆಗತದ. ಇರೋ ಉಪ್ಪನ್ನ ಹೊರಗ ಹೋಗಗೊಡಂಗಿಲ್ಲ, ಹಿಡಕೋತದ. ಅದನ್ನ ಹಿಡಕೊಳ್ಳುವಾಗ ಈ ಗುಳಗೀನೂ ಹಿಡಕೋತದ. ಅರ್ಧ ಗುಳಗಿನೂ ಒಳಗ ಸೇರಿ ಸೇರಿ ವಿಷ ಆಗತದ. ಜೀವಕ್ಕ ಧಕ್ಕಿ. ಅವ್ರು ಹೋಗ್ಯಾರೇನು?”

ಮೊಣಕಾಲಿನ ನೋವು ಏನೆಂದು ಆ ಹತ್ತು ನಿಮಿಷ ನಬಿಸಾಬನಿಗೆ ನೆನಪಿರಲಿಲ್ಲ. ಓಡುತ್ತಾ ಹೋದ. ಕೆಂಭಾವಿ ಬಸ್ಸು ನಿಂತಿತ್ತು, ಮಂದಿ ಹತ್ತುತ್ತಿದ್ದರು. ಗುರುಲಿಂಗಮ್ಮ ಕಿಟಕಿಯ ಪಕ್ಕ ಕೂತಿದ್ದಳು, ಮಡಿಲಲ್ಲಿ ಆಗ ತಾನೇ ಕೊಂಡ ತೆಂಗಿನಕಾಯಿ. ಉಮಾಶ್ರೀ ಅವಳ ಹೆಗಲಿಗೆ ಒರಗಿದ್ದಳು.

ನಬಿಸಾಬ ಒಳಗೆ ಹತ್ತಿ ಅವರ ಸೀಟಿನ ಹತ್ತಿರ ಬಗ್ಗಿದ. ಕೇಳಿದರೆ ಆಕೆ ಹೇಳುವುದಿಲ್ಲ, ಹೇಳಿಸಿದರೆ ಹರಕೆ ಕೆಡುತ್ತದೆ. ಓಡುವಾಗಲೇ ಅವನು ಅದಕ್ಕೊಂದು ದಾರಿ ಯೋಚಿಸಿಕೊಂಡು ಬಂದಿದ್ದ.

“ಅಕ್ಕಾರ, ನೀವು ಬಾಯಿ ಬಿಚ್ಚಬ್ಯಾಡ್ರಿ. ನಾ ಹೇಳತೀನಿ, ತಪ್ಪಿದ್ರ ಅಷ್ಟ ತಲಿ ಅಲ್ಲಾಡಸ್ರಿ. ನೀವು ಶಿವರಾತ್ರಿಯಿಂದ ಉಪ್ಪು ಬಿಟ್ಟೀರಿ.”

ಗುರುಲಿಂಗಮ್ಮನ ತಲೆ ಅಲ್ಲಾಡಲಿಲ್ಲ. ಕಾಯಿಯ ಮೇಲಿನ ಬೆರಳು ಬಿಗಿಯಾದವು.

“ಈಕಿ ಗುಳಗಿ ನಿಲ್ಲೋ ತನಕ ಅಂತ ಬಿಟ್ಟೀರಿ. ಕೈ ನಡಗಿದ್ದು ದೇವ್ರು ಗುಳಗಿನ್ನ ಮೈಯಿಂದ ಹೊರಗ ಹಾಕಾಕತ್ತಾನ ಅಂತ ತಿಳಕೊಂಡೀರಿ. ಇವತ್ತ ಡಾಕ್ಟರೇ ಬಂದ್ ಮಾಡಂದ್ರು, ಹರಕಿ ಮುಟ್ಟಿತು ಅಂತ ಕಾಯಿ ತಗೊಂಡೀರಿ.”

ತಲೆ ಅಲ್ಲಾಡಲಿಲ್ಲ.

“ನಿಮ್ಮ ಸಂಗಾಟ ಈಕೀನೂ ಉಪ್ಪು ಬಿಟ್ಟಾಳ.”

ಗುರುಲಿಂಗಮ್ಮ ಗಕ್ಕನೆ ಸೊಸೆಯ ಕಡೆ ತಿರುಗಿದಳು. ಉಮಾಶ್ರೀ ತಲೆ ತಗ್ಗಿಸಿದಳು. ಮನೆಯಲ್ಲಿ ಒಂದೇ ಪಾತ್ರೆಯ ಅಡುಗೆ, ಅತ್ತೆ ಸಪ್ಪಗೆ ಮಾಡುತ್ತಾಳೆ, ಉಳಿದವರು ತಾಟಿಗೆ ಉಪ್ಪು ಉದುರಿಸಿಕೊಳ್ಳಬೇಕು. ರೇವಣಸಿದ್ದ ಉದುರಿಸಿಕೊಳ್ಳುತ್ತಿದ್ದ. ಉಮಾಶ್ರೀಯೂ ಹಾಗೇ ಎಂದು ಎಲ್ಲರೂ ತಿಳಿದಿದ್ದರು. ಬೇವಿನ ಮರದ ಕೆಳಗೆ ಅವಳು ಪೊಟ್ಟಣ ಬಿಚ್ಚದ್ದನ್ನು, ಕಾಯಿಲೆಗೆ ಬಾಯಿರುಚಿ ಕೆಟ್ಟದ್ದಕ್ಕೆ ಎಂದು ಅತ್ತೆ ಅಂದುಕೊಂಡಿದ್ದಳು.

“ನಾ ಒಬ್ಬಾಕಿನೇ ಬಿಟ್ಟೀನಿ ಅಂತ ಅನ್ಕೊಂಡಿದ್ನಲ್ಲೋ ಯಪ್ಪಾ,” ಎಂದಳು ಗುರುಲಿಂಗಮ್ಮ. ಮಾತು ಹೊರಬಿದ್ದ ಮೇಲೆ ಗೊತ್ತಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ನನಗೋಸ್ಕರ ನೀವು ಸಪ್ಪಂದು ಉಣ್ಣೋದು, ನಾ ಉಪ್ಪು ಹಾಕ್ಕೊಂಡು ಉಣ್ಣೋದು, ಹ್ಯಾಂಗ್ರಿ ಅತ್ತಿ?” ತೊದಲುತ್ತಾ ಉಮಾಶ್ರೀ ಹೇಳಿದ್ದು ಇಷ್ಟೇ. ನಬಿಸಾಬ ಇಬ್ಬರನ್ನೂ ಬಸ್ಸಿನಿಂದ ಇಳಿಸಿದ.

ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿತು, ಸಲಾಯಿನ್ ಏರಿಸಿದರು. ಗುರುಲಿಂಗಮ್ಮ ತೂಗುವ ಬಾಟಲಿಯನ್ನೇ ದಿಟ್ಟಿಸುತ್ತಿದ್ದವಳು ಕೇಳಿದಳು: “ಅದ್ರಾಗೇನು ಅದ್ರಿ?”

“ಉಪ್ಪು ನೀರು,” ಎಂದ ನಬಿಸಾಬ.

ಆಕೆ ಬಾಟಲಿಯ ಕೊಳವೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. “ನಾಲಿಗಿಗಿ ಮುಟ್ಟಲಾರದ ಉಪ್ಪು ಉಪ್ಪೇನ್ರಿ? ಆತ ಇದನ್ನ ಎಣಿಕಿ ಮಾಡತಾನೇನು?”

ಎಂಥ ಪ್ರಶ್ನೆ! ನಬಿಸಾಬನಿಗೆ ಖುಷಿಯಾಯಿತು. ರಮ್ಜಾನಿನಲ್ಲಿ ಸೂಜಿ ಚುಚ್ಚಿಸಿಕೊಂಡರೆ ರೋಜಾ ಮುರಿಯುತ್ತದೆಯೇ ಎಂದು ಅವನೂ ಹಿಂದೊಮ್ಮೆ ಮಸೀದಿಯಲ್ಲಿ ಇಬ್ಬರನ್ನು ಕೇಳಿ ಎರಡು ಉತ್ತರ ತಂದಿದ್ದ. ಡಾಕ್ಟರ್ ಸುನಿತಾರನ್ನು ಕೇಳಿದರೆ, ಅವರು ನಗಲಿಲ್ಲ. “ಹರಕಿ ನಿಮ್ಮದು ಅವ್ವಾರ, ಆಕೀದಲ್ಲ. ನೀವು ಬಿಟ್ರ ನಾ ಬ್ಯಾಡ ಅನ್ನಂಗಿಲ್ಲ. ಆಕಿ ಮಾತ್ರ ಉಪ್ಪು ಉಣ್ಣಲೇಬೇಕು. ಉಂಡ್ರ ಕಡಿಮಿ ಪ್ರಮಾಣದಾಗ ಮತ್ತ ಅದೇ ಗುಳಗಿ ಶುರು ಮಾಡೂಣು. ಉಣ್ಣಲಿಲ್ಲಂದ್ರ ನನ್ನ ಕೈಯಾಗ ಏನೂ ಇಲ್ಲ.”

ನಾಲ್ಕನೇ ದಿನಕ್ಕೆ ನಡುಕ ನಿಂತಿತು. ಮಂಗಳವಾರದವರೆಗೆ ಉಪ್ಪು ಉಂಡು ಬಂದರೆ ಗುಳಿಗೆ ಶುರು ಎಂದು ಹೇಳಿ ಶನಿವಾರ ಮನೆಗೆ ಕಳಿಸಿದರು. ಭಾನುವಾರ ಮಧ್ಯಾಹ್ನ ರೇವಣಸಿದ್ದನ ಫೋನು ಬಂತು.

“ಕಾಕಾ, ಇಲ್ಲಿ ದೊಡ್ಡ ಪೇಚಾಟ ಆಗ್ಯಾದ. ಈಕಿ ಉಪ್ಪು ಮುಟ್ಟವಲ್ಲಳು. ಅತ್ತಿ ಉಂಡ್ರ ಉಣ್ತೀನಿ ಅಂತಾಳ. ನಮ್ಮವ್ವ, ಗುಳಗಿ ಮತ್ತ ಶುರು ಆಗೋದದ, ದೇವ್ರಿಗಿ ಕೊಟ್ಟ ಮಾತು ಹ್ಯಾಂಗ ಮುರೀಲಿ ಅಂತಾಳ. ಗುಳಗಿ ಇಲ್ಲದ ಐದು ದಿನ ಆತು. ಈಕಿ ಇವತ್ತ ಮೂರಕ್ಕ ಎದ್ದು ಒಂಬತ್ತು ಜಂಪರ್ ಹೊಲದಾಳ್ರಿ. ಹಾಡಾಕತ್ತಾಳ. ನನಗ ಅಂಜಿಕಿ ಬರಾಕತ್ತದ.”

ಒಂಬತ್ತು ರವಿಕೆಯ ಅರ್ಥ ಮಂಗಳವಾರದ ಬಾಗಿಲಲ್ಲಿ ನಿಂತವನಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಮುಂದಿನದು ಕಾಲುವೆ.

ಸೋಮವಾರ ರಜೆ ಹಾಕಿ ಅವನು ಕೆಂಭಾವಿಗೆ ಹೋದ. ಗುರುಲಿಂಗಮ್ಮ ತಲೆಗೆ ಸ್ನಾನ ಮಾಡಿ ಕಾಯಿ, ಹೂವು ಹಿಡಿದು ಗುಡಿಗೆ ಹೊರಟಿದ್ದಳು. “ಮಾತು ಕೊಟ್ಟದ್ದು ಆತಗ. ಬಿಡಸಂತ ಆತನ್ನೇ ಕೇಳತೀನಿ. ಬರ್ರಿ,” ಎಂದಳು.

ಊರ ಈಶ್ವರನ ಗುಡಿಯಲ್ಲಿ ಹೂ ಕೇಳುವುದು ತಲೆಮಾರುಗಳಿಂದ ಬಂದದ್ದು. ಲಿಂಗದ ಎಡಕ್ಕೊಂದು ಬಲಕ್ಕೊಂದು ನೀರಲ್ಲಿ ತೋಯಿಸಿದ ಹೂ ಅಂಟಿಸುತ್ತಾರೆ. ಮೊದಲು ಬಲಗಡೆಯದು ಬಿದ್ದರೆ ಅಪ್ಪಣೆ ಸಿಕ್ಕಿತು, ಎಡಗಡೆಯದು ಬಿದ್ದರೆ ಇಲ್ಲ. ನಬಿಸಾಬ ಹೊರಗಿನ ಕಟ್ಟೆಯ ಮೇಲೆ ಕೂತ. ಅಲ್ಲಿಂದ ನೇರ ಒಳಗೆ ಕಾಣುತ್ತಿತ್ತು. ಪೂಜಾರಿ ಮರಿಲಿಂಗಪ್ಪ ಹೂ ಅಂಟಿಸಿ ಹಿಂದೆ ಸರಿದ. ಗುರುಲಿಂಗಮ್ಮ ಕೈ ಮುಗಿದು ನಿಂತಳು.

ಹೊತ್ತು ಹೋಯಿತು. ನಬಿಸಾಬ ಬಲಗಡೆಯ ಹೂವಿನ ಮೇಲೆ ಕಣ್ಣು ನೆಟ್ಟು, ತನಗೇ ಗೊತ್ತಿಲ್ಲದಂತೆ ಒಳಗೊಳಗೇ ದುವಾ ಮಾಡುತ್ತಿದ್ದ. ಯಾರಿಗೆ ಮಾಡುತ್ತಿದ್ದೇನೆ ಎಂದು ಯೋಚಿಸಲು ಹೋಗಲಿಲ್ಲ.

ಎಡಗಡೆಯ ಹೂ ಬಿತ್ತು.

ಮರಿಲಿಂಗಪ್ಪನಿಗೂ ಕೆಡುಕೆನಿಸಿತು. “ಇನ್ನೊಂದು ಸಲ ಕೇಳೂಣೇನ್ ಯವ್ವಾ?”

“ಬ್ಯಾಡ. ಆತನ ಮಾತು ಆತ ಹೇಳ್ಯಾನ,” ಎಂದಳು ಗುರುಲಿಂಗಮ್ಮ. ಹಣೆ ನೆಲಕ್ಕೆ ಹಚ್ಚಿ ಎದ್ದಳು. ಎಲ್ಲ ಮುಗಿಯಿತು ಎಂದುಕೊಂಡು ನಬಿಸಾಬ ಹಿಂದಿನಿಂದ ನಡೆದ. ಆ ಹೂವಿನ ಮೇಲೆ ಅವನಿಗೆ ಸಿಟ್ಟು ಬಂದಿತ್ತು.

ಮನೆಗೆ ಬಂದು ಗುರುಲಿಂಗಮ್ಮ ಕಾಲು ತೊಳೆದಳು, ಅಡುಗೆಮನೆಗೆ ಹೋದಳು. ಬೇಳೆಯ ಗಡಿಗೆಯ ಮುಚ್ಚಳ ತೆಗೆದಳು. ಮೂಲೆಯ ಉಪ್ಪಿನ ಭರಣಿಯನ್ನು ಎಳೆದು, ಕೈ ಹಾಕಿ ಒಂದು ಚಿಟಿಕೆಯಲ್ಲ, ಮುಷ್ಟಿಯಲ್ಲಿ ತೆಗೆದು ಗಡಿಗೆಗೇ ಹಾಕಿ ಸೌಟಿನಿಂದ ತಿರುವಿದಳು. ಸೊಸೆಗೊಂದು, ನಬಿಸಾಬನಿಗೊಂದು, ತನಗೊಂದು ತಾಟು ಇಟ್ಟು ಬಡಿಸಿದಳು. ಹೊಲಿಗೆ ಯಂತ್ರದ ಮುಂದಿನಿಂದ ಎದ್ದು ಬಂದ ಉಮಾಶ್ರೀ ಅದನ್ನು ನೋಡುತ್ತಾ ನಿಂತಳು. ಅವಳ ಕಣ್ಣು ಹೊಳೆಯುತ್ತಿದ್ದವು, ಬೇಕಾದ್ದಕ್ಕಿಂತ ಹೆಚ್ಚು ಹೊಳೆಯುತ್ತಿದ್ದವು.

“ಹೂ ಎತ್ತ ಬಿತ್ರಿ ಅತ್ತಿ?”

“ಬಲಕ್ಕ,” ಎಂದಳು ಗುರುಲಿಂಗಮ್ಮ. ರೊಟ್ಟಿ ಮುರಿದು, ಬೇಳೆಯಲ್ಲಿ ಅದ್ದಿ ಬಾಯಿಗಿಟ್ಟು ಅಗಿದು ನುಂಗಿದಳು. ಎರಡೂವರೆ ತಿಂಗಳ ಮೇಲೆ ನಾಲಿಗೆಗೆ ಬಿದ್ದ ಉಪ್ಪಿಗೆ ಅವಳ ಮುಖವೆಲ್ಲ ಮುದುಡಿತು.

ಉಮಾಶ್ರೀ ಕೂತಳು, ಆದರೆ ತಾಟಿಗೆ ಕೈ ಹಾಕಲಿಲ್ಲ. ನಬಿಸಾಬನ ಕಡೆ ತಿರುಗಿದಳು.

“ಖರೇನೇನ್ರಿ ಕಾಕಾ? ನೀವೂ ಇದ್ರಲ್ಲ ಅಲ್ಲಿ.”

ತನ್ನದಲ್ಲದ ದೇವರು, ತನ್ನದಲ್ಲದ ಹರಕೆ. ಎದುರಿಗೆ ಗುರುಲಿಂಗಮ್ಮ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ತಾಟು ನೋಡುತ್ತಿದ್ದಳು.

“ಬಲಕ್ಕ ಬಿತ್ತವ್ವ. ಕಟ್ಟಿ ಮ್ಯಾಲಿಂದ ನನಗ ಚಂದಾಗಿ ಕಾಣತಿತ್ತು,” ಎಂದ.

ಉಮಾಶ್ರೀ ಉಂಡಳು. ಒಂದು ರೊಟ್ಟಿ ಮುಗಿಸಿ ಇನ್ನೊಂದಕ್ಕೆ ಕೈ ಚಾಚಿದಳು. ನಬಿಸಾಬನೂ ಉಂಡ. ಬೇಳೆಗೆ ಉಪ್ಪು ಬಹಳವಾಗಿತ್ತು, ಅದನ್ನು ಯಾರೂ ಹೇಳಲಿಲ್ಲ. ನಾಳೆ ರೇವಣಸಿದ್ದನೂ ಸೇರಿ ಮೂವರೂ ಬಂದು ಡಾಕ್ಟರನ್ನು ನೋಡುವುದೆಂದು ಮಾತಾಯಿತು.

ಬಸ್ಸಿಗೆ ಹೊರಟವನ ಹಿಂದೆ ಗುರುಲಿಂಗಮ್ಮ ಹೊಸ್ತಿಲವರೆಗೆ ಬಂದಳು. ಒಳಗೆ ಕೇಳಿಸದಂತೆ ದನಿ ತಗ್ಗಿಸಿದಳು.

“ನಾ ಸುಳ್ಳು ಹೇಳಿದ್ದು ನಮ್ಮ ದೇವ್ರ ಹೆಸರ ಮ್ಯಾಲ. ಆತಗ ನಾ ಜವಾಬು ಕೊಡತೀನಿ. ನಡುವ ನಿಮಗ್ಯಾಕ ಬೇಕಿತ್ರಿ ಈ ಪಾಪ?”

“ಆಕಿ ಕೇಳಿದ್ದು ನನ್ನನ್ನ ಅಲ್ಲೇನ್ರಿ ಅಕ್ಕಾರ?” ಎಂದ ನಬಿಸಾಬ.

ಆಕೆ ಅವನನ್ನು ನೋಡಿದಳು. “ಅಂಜಿಕಿ ಬರಲಿಲ್ಲೇನು?”

“ಬಂತ್ರಿ.”

“ನನಗ ಇನ್ನೂ ಅದ,” ಎಂದು ಗುರುಲಿಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಸೊಸೆಗೆ ಮತ್ತೊಂದು ರೊಟ್ಟಿ ಬೇಕೇನೋ ನೋಡಲು ಒಳಗೆ ಹೋದಳು.